ಸೈರನ್ ರತ್ನಮ್ಮನ ಜೊತೆ ಫಿಲಿಪೀನ್ಸಿಗೆ

ಶಿಡ್ಲಘಟ್ಟದ ಗ್ರೌಂಡು

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಕಿಟಕಿಯಲ್ಲಿ ಕಂಡ ಮೋಡಗಳ ಬಗ್ಗೆ ಬರೆಯುತ್ತಾರೆ. ನನಗೆ ಕಿಟಕಿ ಸೀಟು ಸಿಗಲಿಲ್ಲ. ಸಿಕ್ಕಿದ್ದು ರತ್ನಮ್ಮನ ಪಕ್ಕದ ಸೀಟು. ಆದ್ದರಿಂದ ರತ್ನಮ್ಮನಿಂದಲೇ ಶುರು ಮಾಡುತ್ತೇನೆ.

ರತ್ನಮ್ಮ ಚಿಂತಾಮಣಿಗೂ ಗೌರಿಬಿದನೂರಿಗೂ ಓಡಾಡುವ ಸರ್ಕಾರಿ ಬಸ್ಸಿನ ಕಂಡಕ್ಟರು. ನಾನು ದಿಬ್ಬೂರಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ಹೆಸರು ವಿಮಲ. ಚಿಂತಾಮಣಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಷಾಹೀನಾ ನಮ್ಮ ಕ್ಯಾಪ್ಟನ್. ಹೀಗೆ ನಲವತ್ತು ದಾಟಿದ ಹನ್ನೆರಡು ಜನ ಹೆಂಗಸರು ಶಿಡ್ಲಘಟ್ಟದ ರೇಷ್ಮೆ ಮಿಲ್ಲಿನ ಹಿಂದಿರುವ ಗ್ರೌಂಡಿನಲ್ಲಿ ವಾರಕ್ಕೆರಡು ಸಂಜೆ ಬ್ಯಾಸ್ಕೆಟ್‌ಬಾಲ್ ಆಡುತ್ತೇವೆ. ಈ ವಯಸ್ಸಿನಲ್ಲಿ ಇವಕ್ಕೇನು ಬಂತು ಅಂತ ಮೊದಮೊದಲು ಕಾಂಪೌಂಡಿನ ಮೇಲೆ ಕೂತು ನಗುತ್ತಿದ್ದವರೇ ಈಗ ಸ್ಕೋರು ತಪ್ಪಿದರೆ ನಮ್ಮನ್ನು ತಿದ್ದುತ್ತಾರೆ. ತಂಡದಲ್ಲಿ ನನ್ನ ಜಾಗ ಬೆಂಚು. ಯಾರಿಗಾದರೂ ಕಾಲು ಹಿಡಿದುಕೊಂಡರೆ ನಾನು ಒಳಗೆ ಹೋಗುತ್ತೇನೆ. ಅವರ ಕಾಲು ಬಿಟ್ಟ ಕೂಡಲೇ ಹೊರಗೆ ಬರುತ್ತೇನೆ.

ನಮ್ಮ ಗ್ರೌಂಡಿಗೆ ಗಡಿಯಾರವಿಲ್ಲ. ಸಂಜೆ ಆರಕ್ಕೆ ಮಿಲ್ಲಿನ ಸೈರನ್ ಕೂಗಿದರೆ ಆಟ ಮುಗಿಯಿತು. ಆದರೆ ಸೈರನ್ ಕತ್ತರಿ ಹಾಕಿದ ಹಾಗೆ ನಿಲ್ಲುವುದಿಲ್ಲವಲ್ಲ. ಅದು ಏರುತ್ತದೆ, ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಇಳಿದು ಅಡಗುತ್ತದೆ. ಅದಕ್ಕೆ ನಾವೇ ಒಂದು ಕಾನೂನು ಮಾಡಿಕೊಂಡಿದ್ದೆವು. ಕೂಗು ಪೂರ್ತಿ ಅಡಗುವವರೆಗೂ ಆಟ ಉಂಟು, ಆ ಹೊತ್ತಿನಲ್ಲಿ ಬಿದ್ದ ಬ್ಯಾಸ್ಕೆಟ್ಟಿಗೂ ಲೆಕ್ಕ ಉಂಟು. ಚಿಕ್ಕಬಳ್ಳಾಪುರದಿಂದ ಆಡಲು ಬಂದವರು ಇದೆಂಥ ಆಟ ಅಂತ ಜಗಳ ತೆಗೆದಿದ್ದರು. ನಮ್ಮೂರಿಗೆ ಬಂದ ಮೇಲೆ ನಮ್ಮೂರ ಕಾನೂನು ಅಂತ ಷಾಹೀನಾ ಅವರ ಬಾಯಿ ಮುಚ್ಚಿಸಿದಳು.

ಆ ಕೂಗು ಎದ್ದ ಕೂಡಲೇ ಚೆಂಡು ಯಾರಿಗೂ ಬೇಡ. ಚೆಂಡು ನನ್ನ ಕೈಗೆ ಬಂದರೆ ಕೆಂಡ ಬಂದಂತೆ, ಯಾರ ಕೈಗೆ ದಾಟಿಸಲಿ ಅಂತ ನೋಡುತ್ತೇನೆ. ಆಗ ರತ್ನಮ್ಮ ಅಂಗೈ ಮುಂದೆ ಚಾಚುತ್ತಾಳೆ, ಬಸ್ಸಿನಲ್ಲಿ ಟಿಕೆಟ್ ದುಡ್ಡು ಕೇಳುವ ಹಾಗೆ. ಬಾಯಲ್ಲೂ ಅದೇ ಮಾತು, “ಕೊಡಿ ಕೊಡಿ.” ಕೊಟ್ಟರೆ ಸಾಕು. ಉಳಿದವರು ಓಡುವ ಹೊತ್ತಿನಲ್ಲಿ ಅವಳು ನಡೆಯುತ್ತಾಳೆ. ಕೂಗು ಇಳಿಯುವಷ್ಟರಲ್ಲಿ ಚೆಂಡು ರಿಂಗಿನೊಳಗಿರುತ್ತದೆ. ಅದಕ್ಕೇ ಅವಳು ಸೈರನ್ ರತ್ನಮ್ಮ.

ಹೋದ ವರ್ಷ ಮಿಲ್ಲು ಮುಚ್ಚಿತು. ಸೈರನ್ ನಿಂತಿತು. ಆರು ಗಂಟೆಗೆ ಷಾಹೀನಾ ವಿಷಲ್ ಊದಲು ಶುರು ಮಾಡಿದಳು. ಏನು ಮಾಯವೋ, ಅಂದಿನಿಂದ ರತ್ನಮ್ಮನ ಕೊನೆ ಚೆಂಡು ಒಂದೂ ಬೀಳಲಿಲ್ಲ. ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳೇ ವಿಮಾನದಲ್ಲಿ ಬೆಲ್ಟ್ ಬಿಗಿದುಕೊಳ್ಳುತ್ತಾ ಹೇಳಿದಳು.

“ವಿಮಲಕ್ಕ, ಇದೇ ಕಡೇ ಆಟ. ಅಲ್ಲೂ ಆಗ್ಲಿಲ್ಲ ಅಂದ್ರೆ ಶೂ ಅಲ್ಲೇ ಬಿಟ್ಟು ಬರ್ತೀನಿ. ಮನೇಲಿ ಕಣ್ಮುಂದೆ ಇದ್ರೆ ಹೊಟ್ಟೆ ಉರೀತದೆ.”

“ಹುಚ್ಚಿ ಥರ ಮಾತಾಡ್ಬೇಡ ಕಣೇ,” ಅಂದೆ. ಆದರೆ ಅವಳು ನಿಂತರೆ ತಂಡ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಕೊನೆ ಚೆಂಡನ್ನು ಯಾರ ಕೈಗೆ ಕೊಡಬೇಕೆಂದು ಗೊತ್ತಿಲ್ಲದ ತಂಡಕ್ಕೆ ಸಂಜೆ ಮನೆ ಕೆಲಸ ಬಿಟ್ಟು ಯಾರು ಬರುತ್ತಾರೆ?

ಮನಿಲಾ

ನಮ್ಮನ್ನು ಕರೆಸಿದ್ದು ಷಾಹೀನಾಳ ಅಕ್ಕನ ಮಗಳು ಆಯಿಷಾ. ಅಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ಅವಳ ಕಾಲೇಜಿನ ಹತ್ತಿರದ ಊರೊಂದರಲ್ಲಿ ನಮ್ಮಂಥ ಹೆಂಗಸರದೇ ಒಂದು ಸಣ್ಣ ಪಂದ್ಯಾವಳಿ ನಡೆಯುತ್ತದೆ. ನಮ್ಮ ಖಾಲಾ, ಅಂದರೆ ಚಿಕ್ಕಮ್ಮ ಕೂಡ ಆಡುತ್ತಾರೆ ಅಂತ ಅವಳು ಬಾಯಿ ಜಾರಿ ಹೇಳಿದ್ದೇ ನೆಪ, ಅವರು ಬನ್ನಿ ಅಂದರು.

ಮನಿಲಾದಲ್ಲಿ ಇಳಿದು ಜೀಪ್ನಿ ಹತ್ತಿದೆವು. ನಮ್ಮ ಕಡೆಯ ಟೆಂಪೋವನ್ನು ಉದ್ದಕ್ಕೆ ಎಳೆದು, ದೇವರ ಮೆರವಣಿಗೆಗೆ ಹೊರಟಂತೆ ಬಣ್ಣ ಬಳಿದರೆ ಜೀಪ್ನಿ. ಎದುರುಬದುರು ಎರಡು ಬೆಂಚು, ತಲೆ ಬಗ್ಗಿಸಿಯೇ ಕೂರಬೇಕು. ಕಂಡಕ್ಟರ್ ಇಲ್ಲ. ಹಿಂದೆ ಕೂತವರು ದುಡ್ಡನ್ನು ಪಕ್ಕದವರಿಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ದಾಟಿ ಡ್ರೈವರಿಗೆ ಮುಟ್ಟುತ್ತದೆ. ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಯಾರೂ ಯಾರನ್ನೂ ಅನುಮಾನಿಸುವುದಿಲ್ಲ. ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಲೆಕ್ಕ ಮಾಡುತ್ತಾನೆ.

ರತ್ನಮ್ಮನಿಗೆ ಇದು ಸಹಿಸಲಾಗಲಿಲ್ಲ. ಸ್ವಲ್ಪ ಹೊತ್ತು ತಡೆದುಕೊಂಡಳು. ಆಮೇಲೆ ಸೊಂಟ ಬಗ್ಗಿಸಿ ಎದ್ದು ನಿಂತು, “ಮುಂದಕ್ಕೆ ಹೋಗಮ್ಮ, ಜಾಗ ಐತಲ್ಲ, ಮುಂದಕ್ಕೆ ಜರುಗು,” ಅಂತ ಒಬ್ಬ ಹುಡುಗಿಯನ್ನು ಸರಿಸಿ, ಎಲ್ಲರ ದುಡ್ಡನ್ನೂ ಬೆರಳ ಸಂದಿಯಲ್ಲಿ ಮಡಚಿಟ್ಟುಕೊಂಡು ಡ್ರೈವರಿಗೆ ಒಟ್ಟಿಗೆ ಕೊಟ್ಟಳು. ಕನ್ನಡ ಒಂದಕ್ಷರ ಬಾರದ ಜನ ಅವಳು ಹೇಳಿದ ಹಾಗೆ ಜರುಗಿದರು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ನಾವು ಒಬ್ಬರ ಮೇಲೊಬ್ಬರು ಬಿದ್ದೆವು, ಕಂಬಿ ಹಿಡಿಯದೆ ನಿಂತಿದ್ದ ರತ್ನಮ್ಮ ಮಾತ್ರ ಅಲ್ಲಾಡಲಿಲ್ಲ. ಇಳಿಯುವಾಗ ಡ್ರೈವರ್ ನಮಸ್ಕಾರ ಮಾಡಿದ. “ಟಿಕೆಟ್ಟೇ ಕೊಡಲ್ವಂತೆ ಅಕ್ಕ, ಏನ್ ದೇಶನೋ,” ಅಂತ ಅವಳು ಊರು ಸೇರುವವರೆಗೂ ಗೊಣಗಿದಳು.

ಗದ್ದೆ ನಡುವಿನ ಊರು

ಊರು ಸೇರಿದಾಗ ಬಿಸಿಲು ಏರಿತ್ತು. ಸುತ್ತ ಭತ್ತದ ಗದ್ದೆ. ಊರ ಮಧ್ಯೆ ತಗಡಿನ ಮಾಡು ಹಾಕಿದ ಬ್ಯಾಸ್ಕೆಟ್‌ಬಾಲ್ ಅಂಕಣ. ಆ ದೇಶದಲ್ಲಿ ಊರಿಗೊಂದು ಇಂಥದ್ದು ಇದ್ದೇ ಇರುತ್ತದೆ, ನಮ್ಮಲ್ಲಿ ಅರಳೀಕಟ್ಟೆ ಇದ್ದ ಹಾಗೆ. ಮದುವೆ, ಸಾವು, ಪಂಚಾಯ್ತಿ ಎಲ್ಲಾ ಅಲ್ಲೇ. ಅಂದು ಅಲ್ಲಿ ಹುಡುಗರು ಹವಾಯಿ ಚಪ್ಪಲಿಯಲ್ಲೇ ನೆಗೆದು ಬೋರ್ಡು ಮುಟ್ಟುತ್ತಿದ್ದರು. ಅಂಕಣದ ಅರ್ಧ ಭಾಗಕ್ಕೆ ಭತ್ತ ಹರಡಿತ್ತು. ಅವರ ಆಟ ಉಳಿದರ್ಧದಲ್ಲಿ.

ನನಗೆ ಥಟ್ಟನೆ ನಮ್ಮ ರಸ್ತೆಗಳು ನೆನಪಾದವು. ದಿಬ್ಬೂರಹಳ್ಳಿಯ ಟಾರು ರಸ್ತೆಯ ಮೇಲೆ ರಾಗಿ ಕಣ ಮಾಡಿದಾಗ ಬಸ್ಸುಗಳೇ ತುಳಿದು ಕೊಡುತ್ತವೆ. ನಮ್ಮವರು ಪೊರಕೆ ಹಿಡಿದು ನಿಂತುಬಿಟ್ಟರು. ಪಂದ್ಯಕ್ಕೆ ಮೊದಲು ಭತ್ತ ಬಾಚುವ ಕೆಲಸಕ್ಕೆ ಎರಡೂ ಕಡೆಯ ಆಟಗಾರ್ತಿಯರು ಕೈ ಹಾಕಿದೆವು. ಪರದೇಶಕ್ಕೆ ಹೋಗಿ ಮೊದಲು ಮಾಡಿದ್ದು ಕಸ ಗುಡಿಸುವ ಕೆಲಸ ಅಂತ ನಮ್ಮ ಮನೆಯವರಿಗೆ ಫೋನಿನಲ್ಲಿ ಹೇಳಿದರೆ ನಂಬಲಿಲ್ಲ.

ಅಲ್ಲಿ ನಮ್ಮ ಉಸ್ತುವಾರಿ ಹೊತ್ತವರು ನಾನಾಯ್ ಬೆಲೆನ್. ನಾನಾಯ್ ಅಂದರೆ ಅಮ್ಮ. ಎಪ್ಪತ್ತರ ಆಸುಪಾಸು, ತೆಳ್ಳಗಿನ ಹೆಂಗಸು, ಒಂದು ಕಾಲದಲ್ಲಿ ಒಳ್ಳೆಯ ಆಟಗಾರ್ತಿಯಂತೆ. ನಮ್ಮಲ್ಲಿ ಅಪರಿಚಿತರನ್ನೂ ಅಕ್ಕ, ಅಣ್ಣ ಅನ್ನುವಂತೆ ಅವರಲ್ಲೂ ಎಲ್ಲರೂ ಎಲ್ಲರಿಗೂ ಏನಾದರೂ ಆಗಿರುತ್ತಾರೆ. ಇದರಿಂದ ನಮಗೆ ಅರ್ಧ ಊರು ಸೇರಿದಂತೆ ಆಯಿತು.

ಇನ್ನರ್ಧ ಊಟದಲ್ಲಿ ಎಡವಿತು. ಷಾಹೀನಾ ಒಂದು ಪಾತ್ರೆ ತೋರಿಸಿ, ಇದರಲ್ಲಿ ಹಂದಿ ಮಾಂಸ ಇದೆಯಾ ಅಂತ ಕೈಸನ್ನೆ, ಬಾಯಿಸನ್ನೆ ಎರಡರಲ್ಲೂ ಕೇಳಿದಳು. ನಾನಾಯ್ ಬೆಲೆನ್ ಮಾತಾಡದೆ ಎರಡೂ ಹುಬ್ಬು ಮೇಲೇರಿಸಿದರು. ಎಂಥಾ ಮಾತು ಕೇಳ್ತೀಯಮ್ಮ ಅನ್ನುವಂತಿತ್ತು. ಷಾಹೀನಾ ಸಮಾಧಾನದಿಂದ ಸೌಟು ಹಾಕಿದಳು. ಆಯಿಷಾ ಓಡಿಬಂದು ಕೈ ಹಿಡಿದಳು. “ಖಾಲಾ, ಇಲ್ಲಿ ಹುಬ್ಬು ಏರಿಸಿದ್ರೆ ಹೌದು ಅಂತ.” ನಾನಾಯ್ ಬೆಲೆನ್ ಎದೆ ಬಡಿದುಕೊಂಡು ಕ್ಷಮೆ ಕೇಳಿ, ಷಾಹೀನಾಳಿಗೆ ಬೇರೆ ಒಲೆಯಲ್ಲಿ ಮೊಟ್ಟೆ ಬೇಯಿಸಿದರು. ಆಮೇಲೆ ನಾವು ಸಾರು ಚೆನ್ನಾಗಿದೆ ಅಂತ ತಲೆ ಆಡಿಸಿದ್ದನ್ನು ನೋಡಿ ಬೇಡವೇನೋ ಅಂತ ಎತ್ತಿಕೊಂಡು ಹೋದರು. ಲೆಕ್ಕ ಸಮವಾಯಿತು.

ಮೊದಲ ಆಟ

ಅಂಕಣದ ಒಂದು ಗೋಡೆಯ ಮೇಲೆ ಕೆಂಪು ಅಂಕಿಗಳ ದೊಡ್ಡ ಗಡಿಯಾರವಿತ್ತು. ಸೆಕೆಂಡುಗಳು ಕರಗುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆದರೆ ಅದರ ಹಾರ್ನ್ ಕೆಟ್ಟಿತ್ತು. ಅದಕ್ಕೆ ಬದಲು ಏನು ಮಾಡುತ್ತಾರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಟ ಸಮಸಮವಾಗಿ ನಡೆಯಿತು. ಕೊನೆಗೆ ನಾವು ಒಂದು ಪಾಯಿಂಟ್ ಹಿಂದೆ. ಚೆಂಡು ನಮ್ಮದು. ರತ್ನಮ್ಮ ಅಂಗೈ ಚಾಚಿದಳು, ಷಾಹೀನಾ ಕೊಟ್ಟಳು. ರತ್ನಮ್ಮ ಒಮ್ಮೆ ಗಡಿಯಾರದ ಕಡೆ ನೋಡಿದಳು. ನೋಡಿದ್ದೇ ತಡ, ಅವಳ ಕಾಲು ಅಲ್ಲೇ ಕಚ್ಚಿಕೊಂಡಿತು. ಅಂಕಿಗಳು ಸೊನ್ನೆಯಾದವು.

ಆಗ ಎದ್ದಿತು ಸೈರನ್.

ನಮ್ಮ ಮಿಲ್ಲಿನದೇ ಕೂಗು. ಅದೇ ಗಂಟಲು, ಅದೇ ಏರು. ವರ್ಷದಿಂದ ಕೇಳದ ದನಿ. ಎದುರು ತಂಡದವರು ಆಟ ನಿಲ್ಲಿಸಿ ಕೈ ಕುಲುಕಲು ಬರುತ್ತಿದ್ದರು. ರತ್ನಮ್ಮನ ಮುಖದಲ್ಲಿ ಆ ಹಳೆಯ ನೆಮ್ಮದಿ ಬಂತು. ಕೈ ಚಾಚಿದವರ ನಡುವಿನಿಂದ ನುಸುಳಿ, ನಡೆದುಕೊಂಡೇ ಹೋಗಿ, ಕೂಗು ಇಳಿಯುವಷ್ಟರಲ್ಲಿ ಚೆಂಡನ್ನು ರಿಂಗಿನೊಳಗೆ ಇಟ್ಟಳು.

ಇದು ಶಿಡ್ಲಘಟ್ಟವಲ್ಲವೆಂದು ಅವಳೊಬ್ಬಳು ಮರೆತಿದ್ದರೆ ಹೋಗಲಿ ಅನ್ನಬಹುದಿತ್ತು. ನಾವು ಹನ್ನೆರಡೂ ಜನ ಕುಣಿದೆವು. ಬೆಂಚಿನಿಂದ ಮೊದಲು ಹಾರಿದವಳು ನಾನು. ಷಾಹೀನಾ ರತ್ನಮ್ಮನನ್ನು ಎತ್ತಿ ತಿರುಗಿಸಿದಳು. ಅಂಕಣದ ತುಂಬಾ ಜನ ಬೆರಗಾಗಿ ನೋಡಿದರು, ಆಮೇಲೆ ಇದು ಭಾರತದವರ ತಮಾಷೆ ಇರಬೇಕೆಂದು ಚಪ್ಪಾಳೆ ತಟ್ಟಿದರು. ರೆಫ್ರಿ ಪಾಪ ಎರಡೂ ಕೈ ಅಡ್ಡ ಬೀಸುತ್ತಲೇ ಇದ್ದ. ಸೈರನ್ ಎದ್ದಾಗಲೇ ಆಟ ಮುಗಿದಿತ್ತು, ನಾವು ಒಂದು ಪಾಯಿಂಟಿನಿಂದ ಸೋತಿದ್ದೆವು.

ನಡುವಿನ ವಿರಾಮಗಳಿಗೆ ರೆಫ್ರಿಯ ವಿಷಲ್ಲೇ ಸಾಕು, ಆಟದ ಕೊನೆಗೆ ಮಾತ್ರ ಗಡಿಯಾರದ ಹಾರ್ನಿಗೆ ಬದಲು ಅವರು ಬಿರುಗಾಳಿ ಬಂದಾಗ ಊರಿಗೆ ಎಚ್ಚರಿಕೆ ಕೊಡುವ ಸೈರನ್ ಇಟ್ಟಿದ್ದರು. ಮೇಜಿನ ಮೇಲೆ ಬಿಗಿದು ಕೂರಿಸಿದ, ಕೈಯಿಂದ ತಿರುಗಿಸುವ ಯಂತ್ರ. ತಿರುಗಿಸಿದ್ದು ನಾನಾಯ್ ಬೆಲೆನ್.

ರತ್ನಮ್ಮ ಮೂಲೆಯಲ್ಲಿ ಕೂತು ಶೂ ಲೇಸು ಬಿಚ್ಚುತ್ತಿದ್ದಳು. ಕಣ್ಣು ತುಂಬಿತ್ತು.

“ವರ್ಷ ಆದ್ಮೇಲೆ ಒಂದು ಬಿತ್ತು ಅಕ್ಕ. ಅದೂ ಟೈಮ್ ಮುಗಿದ್ಮೇಲೆ. ನನ್ ಟೈಮೂ ಮುಗೀತು ಅಂತ ತಾನೇ ಅರ್ಥ?”

ನೀರು ಕೊಡಲು ಬಂದ ನಾನಾಯ್ ಬೆಲೆನ್ ಅವಳ ಶೂ ಪಕ್ಕ ತಮ್ಮ ಪಾದ ಇಟ್ಟು ಅಳೆದು ನಕ್ಕರು. ಒಂದೇ ಅಳತೆ. ರತ್ನಮ್ಮ ಆಯಿಷಾಳನ್ನು ಕರೆದು, “ಹೋಗೋವಾಗ ಈ ಶೂ ಅವರಿಗೇ ಕೊಟ್ಟೋಗ್ತೀನಿ ಅಂತ ಹೇಳಮ್ಮ,” ಅಂದಳು. ಆಯಿಷಾ ನನ್ನ ಮುಖ ನೋಡಿದಳು. ಬೇಡ ಅನ್ನಲು ನಾನು ಯಾರು? ಅವಳು ಅವರಿಗೆ ಹೇಳಿದಳು. ನಾನಾಯ್ ಬೆಲೆನ್ ಹುಬ್ಬು ಮೇಲೇರಿಸಿದರು.

ಸೈರನ್ ಹಿಡಿಕೆ

ಮುಂದಿನ ಆಟಗಳಲ್ಲಿ ಒಂದು ಗೆದ್ದೆವು, ಒಂದು ಸೋತೆವು. ರತ್ನಮ್ಮ ಚೆನ್ನಾಗಿಯೇ ಆಡಿದಳು, ಆದರೆ ಕೊನೆಯ ನಿಮಿಷ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ಮೂಲೆ ಸೇರುತ್ತಿದ್ದಳು. ಚಾಚುವ ಅಂಗೈ ಇಲ್ಲದೆ ನಾವು ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಕ್ಕಳಂತೆ ಆಗಿದ್ದೆವು. ಅವಳ ಮೇಲೆ ನನಗೆ ಸಿಟ್ಟೂ ಬಂತು. ಬೀಳಲಿ, ಬೀಳದಿರಲಿ, ಕೈ ಚಾಚುವುದಕ್ಕೇನು ಧಾಡಿ ಅನ್ನಿಸಿತು. ಅಷ್ಟರಲ್ಲಿ, ಹಾಗಾದರೆ ನೀನು ಚಾಚು ಅಂತ ನನ್ನ ಮನಸ್ಸೇ ನನಗೆ ಹೇಳಿತು.

ಕೊನೆಯ ಆಟದ ದಿನ ಬೆಳಗ್ಗೆ ಕಾಫಿ ಕುಡಿಯುತ್ತಿದ್ದೆವು. ಅಂಕಣದ ಕಡೆಯಿಂದ ಸೈರನ್ ಎದ್ದಿತು. ಮೊದಲು ಗೊರಗೊರ, ಆಮೇಲೆ ಕೂಗು. ಊರೇ ಬೀದಿಗೆ ಬಂತು. ಒಬ್ಬರ ಕೈಯಲ್ಲಿ ಕೋಳಿ, ಒಬ್ಬರ ತಲೆಯ ಮೇಲೆ ಅಕ್ಕಿ ಮೂಟೆ, ಇನ್ನೊಬ್ಬರು ಟಿ.ವಿ. ತಬ್ಬಿಕೊಂಡಿದ್ದರು. ಎಲ್ಲರೂ ಆಕಾಶ ನೋಡಿದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಓಡಿಹೋಗಿ ನೋಡಿದರೆ ರತ್ನಮ್ಮ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಕಬ್ಬಿನ ಹಾಲಿನ ಚಕ್ರ ತಿರುಗಿಸುವಂತೆ ತಿರುಗಿಸುತ್ತಿದ್ದಳು. ನಾನಾಯ್ ಬೆಲೆನ್ ಪಕ್ಕದಲ್ಲಿ ನಿಂತು ನಗುತ್ತಿದ್ದರು. ತಿರುಗಿಸಿ ನೋಡಲಾ ಅಂತ ಇವಳು ಸನ್ನೆ ಮಾಡಿದಳಂತೆ, ಅವರು ಹುಬ್ಬು ಏರಿಸಿದರಂತೆ. ಊರಿನ ಮುಖ್ಯಸ್ಥ ಬಂದು ಇಬ್ಬರಿಗೂ ಚೆನ್ನಾಗಿ ಬೈದ. ಬೈಗುಳಕ್ಕೆ ಆಯಿಷಾಳ ಅನುವಾದ ಬೇಕಾಗಲಿಲ್ಲ. ನಾನು ತಂಡದ ಹಿರಿಯಳೆಂದು ಕೈ ಮುಗಿದು ಕ್ಷಮೆ ಕೇಳಿದೆ. ಆತ ಕೊನೆಗೆ ತಾನೇ ಒಂದು ಸುತ್ತು ತಿರುಗಿಸಿ, ಹೀಗೆ ಅಲ್ಲ, ಹೀಗೆ, ಅಂತ ತೋರಿಸಿಕೊಟ್ಟು ಹೋದ.

“ಏನೇ ನಿನ್ ತಲೆ, ಊರನ್ನೇ ಎಬ್ಬಿಸ್ದಲ್ಲ,” ಅಂದೆ.

“ಇದು ಸುಮ್ನೆ ಕೂಗಲ್ಲ ಅಕ್ಕ. ಮೊದಲು ಮೈ ಭಾರ ಹಾಕ್ಬೇಕು, ಆಮೇಲೆ ಎರಡು ಸುತ್ತು ಬರೀ ಗೊರಗೊರ. ಅದಾದ್ಮೇಲೇ ದನಿ.” ಅಂಗೈ ಕೆಂಪಾಗಿತ್ತು, ಅದನ್ನು ಸೀರೆಗೆ ಒರೆಸುವವಳಂತೆ ಟಿ-ಶರ್ಟಿಗೆ ಒರೆಸಿಕೊಂಡಳು. “ಸೊನ್ನೆಗೆ ಸರಿಯಾಗಿ ದನಿ ಬರ್ಬೇಕು ಅಂದ್ರೆ ಈ ಅಮ್ಮ ಮುಂಚೇನೇ ಹೆಗಲು ಬಗ್ಗಿಸ್ಬೇಕು. ಅಲ್ವಾ?”

“ಅದರಿಂದ ನಿನಗೇನು?”

“ಬಸ್ಸಲ್ಲಿ ನಾನು ಕಂಬಿ ಹಿಡಿಯಲ್ಲ, ನೋಡಿದ್ದೀಯಲ್ಲ. ಡ್ರೈವರ್ ಹೆಗಲು ನೋಡ್ತೀನಿ. ಬ್ರೇಕ್ ಹಾಕೋಕೆ ಮುಂಚೆ ಹೆಗಲು ಅಲ್ಲಾಡ್ತದೆ. ನನ್ ಕಾಲು ಅಷ್ಟೊತ್ತಿಗೆ ರೆಡಿ.” ಗಡಿಯಾರದ ಕಡೆ ಕೈ ತೋರಿಸಿದಳು. “ಆ ಅಂಕಿ ಓಡೋದು ನೋಡಿದ್ರೆ ನಂಗೆ ಕಾಲು ಕಟ್ಟಾಕ್ದಂಗೆ ಆಗ್ತದೆ. ಮನುಷ್ಯರ ಹೆಗಲಾದ್ರೆ ನೋಡಬಲ್ಲೆ.”

ಸಂಜೆ ಚೆಂಡು ಕೇಳುತ್ತೀಯಾ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಕೊನೆಯ ಆಟ

ಎದುರಾಳಿ ಅದೇ ಊರಿನ ತಂಡ. ಪಕ್ಕದ ಊರುಗಳಿಂದಲೂ ಜನ ಬಂದಿದ್ದರು. ಬೆಳಗ್ಗೆ ಸೈರನ್ ಕೂಗಿಸಿದವಳು ಯಾರೆಂದು ನೋಡುವುದಕ್ಕೇ ಕೆಲವರು ಬಂದಿದ್ದರು ಅಂತ ಕಾಣುತ್ತದೆ, ರತ್ನಮ್ಮನನ್ನು ನೋಡಿ ಕೈಯಲ್ಲಿ ಹಿಡಿಕೆ ತಿರುಗಿಸಿ ತೋರಿಸುತ್ತಿದ್ದರು. ಅವಳೂ ನಗುನಗುತ್ತಾ ತಿರುಗಿಸಿ ತೋರಿಸಿದಳು.

ಕೊನೆಯ ಹೊತ್ತಿಗೆ ಷಾಹೀನಾಳ ಮೇಲೆ ಐದನೇ ಫೌಲು ಬಿತ್ತು. ಅವಳು ಹೊರಗೆ, ನಾನು ಒಳಗೆ. ನಾವು ಮತ್ತೆ ಒಂದು ಪಾಯಿಂಟ್ ಹಿಂದೆ. ನನ್ನ ಹಣೆಬರಹ ನೋಡಿ, ಎದುರಿನವರ ಕೈತಪ್ಪಿ ಪುಟಿದ ಚೆಂಡು ನೇರವಾಗಿ ನನ್ನ ಎದೆಗೆ ಬಂದು ಕೂತಿತು. ತಬ್ಬಿಕೊಂಡೆ. ಜನ ಕೂಗುತ್ತಿದ್ದರು. ಪಾಠ ಮಾಡುವಾಗ ಅರವತ್ತು ಮಕ್ಕಳನ್ನು ಒಂದು ನೋಟದಲ್ಲಿ ನಿಲ್ಲಿಸುವವಳು, ಅಲ್ಲಿ ಒಂದು ಮುಖವೂ ಕಣ್ಣಿಗೆ ಕಾಣದೆ ನಿಂತೆ.

ಮೂಲೆಯಲ್ಲಿ ರತ್ನಮ್ಮ ಇದ್ದಳು. ಕೈ ಇನ್ನೂ ಹಿಂದೆಯೇ ಇತ್ತು. ಅವಳು ಗಡಿಯಾರ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಮೇಜಿನ ಕಡೆ ನೋಡುತ್ತಿದ್ದಳು.

ಆಮೇಲೆ ಅಂಗೈ ಮುಂದೆ ಬಂತು.

“ಕೊಡಿ ಕೊಡಿ.”

ಕೊಟ್ಟೆ. ಜೀವಮಾನದಲ್ಲಿ ನಾನು ಅಷ್ಟು ಸಂತೋಷದಿಂದ ಏನನ್ನೂ ಯಾರಿಗೂ ಕೊಟ್ಟಿಲ್ಲ. ಅವಳು ಓಡಲಿಲ್ಲ. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಎದುರು ಬಂದವಳನ್ನು ಬಸ್ಸಿನಲ್ಲಿ ದಾಟಿಕೊಂಡು ಹೋಗುವಂತೆ ಪಕ್ಕಕ್ಕೆ ಸರಿದು ದಾಟಿದಳು. ನಾನಾಯ್ ಬೆಲೆನ್ ಹೆಗಲು ಬಗ್ಗಿಸಿದರು. ಅದು ನನಗೂ ಕಂಡಿತು. ಸೈರನ್ ಗೊರಗೊರ ಅಂದಿತು. ಚೆಂಡು ರತ್ನಮ್ಮನ ಕೈ ಬಿಟ್ಟಿತು. ಆಮೇಲೆ ಕೂಗು ಎದ್ದಿತು.

ಚೆಂಡು ರಿಂಗಿನ ಅಂಚಿಗೆ ಬಡಿಯಿತು, ಮೇಲಕ್ಕೆ ನೆಗೆಯಿತು, ಮತ್ತೆ ಅಂಚಿನ ಮೇಲೆ ಕೂತಿತು. ಕೂಗು ಏರುತ್ತಲೇ ಇತ್ತು. ಬಿತ್ತು, ಒಳಗೆ.

ನಾವು ಯಾರೂ ಕುಣಿಯಲಿಲ್ಲ. ಒಂದು ಸಲ ಕುಣಿದು ನಗೆಪಾಟಲಾದವರು ನಾವು. ಒಳಗಿದ್ದ ಐದು ಜನ, ಬೆಂಚಿನ ಮೇಲಿದ್ದ ಏಳು ಜನ, ಎಲ್ಲರೂ ಕಂಬದಂತೆ ನಿಂತು ರೆಫ್ರಿಯ ಕೈ ನೋಡುತ್ತಿದ್ದೆವು. ಕೂಗು ಇಳಿಯಿತು, ಅಡಗಿತು. ಆ ಮನುಷ್ಯ ಮೇಜಿನ ಹತ್ತಿರ ಹೋಗಿ, ಕೂಗು ಏಳುವ ಮೊದಲೇ ಚೆಂಡು ಕೈ ಬಿಟ್ಟಿತ್ತೇ ಎಂಬಂತೆ ಏನೋ ಕೇಳಿದ. ಬಿಟ್ಟಿದ್ದರೆ ಆಮೇಲೆ ಒಳಗೆ ಬಿದ್ದರೂ ಲೆಕ್ಕ ಉಂಟು. ನಾನಾಯ್ ಬೆಲೆನ್ ಹುಬ್ಬು ಮೇಲೇರಿಸಿದರು. ಆತ ಎರಡು ಬೆರಳು ಎತ್ತಿ ಕೆಳಕ್ಕೆ ಇಳಿಸಿದ. ಎರಡು ಪಾಯಿಂಟ್.

ಆಗಲೂ ನಮಗೆ ನಂಬಿಕೆ ಬರಲಿಲ್ಲ. ಸೋತ ತಂಡದವರೇ ಓಡಿಬಂದು ರತ್ನಮ್ಮನನ್ನು ತಬ್ಬಿಕೊಂಡರು, ನಮ್ಮ ಭುಜ ಹಿಡಿದು ಅಲ್ಲಾಡಿಸಿದರು, ಕುಣಿಯಿರಿ, ಈಗ ಕುಣಿಯಿರಿ ಅಂತ ತಾವೇ ಕುಣಿದು ತೋರಿಸಿದರು. ಆಮೇಲೆ ಕುಣಿದೆವು ನೋಡಿ. ನನ್ನ ಮಂಡಿ ಇನ್ನೂ ನೋಯುತ್ತಿದೆ.

ಕೊನೆ ಘಳಿಗೆಯಲ್ಲಿ ಚೆನ್ನಾಗಿ ಆಡುವವರಿಗೆ ಹೆದರಿಕೆಯೇ ಇರುವುದಿಲ್ಲ ಅಂತ ನಾನು ತಿಳಿದಿದ್ದೆ. ರತ್ನಮ್ಮನ ಕೈ ಮುಟ್ಟಿ ನೋಡಿದೆ, ಐಸಿನ ಹಾಗೆ ತಣ್ಣಗಿತ್ತು. ನನ್ನಷ್ಟೇ ಹೆದರಿದ್ದಳು. ಆದರೂ ಕೊಡಿ ಅಂದಿದ್ದಳು.

ಹೊರಡುವ ಬೆಳಗ್ಗೆ

ವ್ಯಾನು ಬಂದು ನಿಂತಿತ್ತು. ಅಂಕಣದಲ್ಲಿ ಮತ್ತೆ ಭತ್ತ ಹರಡಿದ್ದರು. ನಾನಾಯ್ ಬೆಲೆನ್ ಬಾಳೆಎಲೆಯಲ್ಲಿ ಸುತ್ತಿದ ಸಿಹಿ ಕಡುಬಿನಂಥ ತಿಂಡಿಯನ್ನು ದಾರಿಗೆ ಕಟ್ಟಿ ತಂದರು. ಇನ್ನೊಂದು ಕೈಯಲ್ಲಿ ಖಾಲಿ ಚೀಲವಿತ್ತು. ಎಲ್ಲರನ್ನೂ ಅಪ್ಪಿಕೊಂಡ ಮೇಲೆ ರತ್ನಮ್ಮನ ಮುಂದೆ ನಿಂತು, ಅಲ್ಲಿಯವರು ಯಾವುದನ್ನಾದರೂ ತೋರಿಸುವ ರೀತಿಯಲ್ಲಿ, ತುಟಿ ಮುಂದೆ ಚಾಚಿ ಅವಳ ಕಾಲಿನ ಕಡೆ ತೋರಿಸಿದರು.

ನಾನು ಅತ್ತ ನೋಡಿದೆ. ಪ್ರಯಾಣಕ್ಕೆಂದು ತಂದಿದ್ದ ಚಪ್ಪಲಿ ಕೈಚೀಲದಿಂದ ಇಣುಕುತ್ತಿತ್ತು. ರತ್ನಮ್ಮ ಬೆಳಗ್ಗೆ ಎದ್ದವಳೇ ಶೂ ಹಾಕಿ, ಲೇಸನ್ನು ಎರಡೆರಡು ಗಂಟು ಬಿಗಿದುಕೊಂಡಿದ್ದಳು.

ಅವಳ ಮುಖ ಕೆಂಪಾಯಿತು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ. ಬಗ್ಗಿ ಚೀಲದಿಂದ ಆ ಹೊಸ ಚಪ್ಪಲಿ ತೆಗೆದು ನಾನಾಯ್ ಬೆಲೆನ್ ಕಾಲ ಬಳಿ ಇಟ್ಟಳು. ಅಳತೆ ಹೇಗೂ ಒಂದೇ.

“ಇದನ್ನ ಇಟ್ಕೋಮ್ಮ. ಶೂ ಕೊಡಲ್ಲ. ಬುಧವಾರ ಸಾಯಂಕಾಲ ನಂಗೆ ಪ್ರಾಕ್ಟೀಸ್ ಐತೆ.”

ಆಯಿಷಾ ಅನುವಾದಕ್ಕೆ ಬಾಯಿ ತೆರೆದಳು. ನಾನಾಯ್ ಬೆಲೆನ್ ಅವಳನ್ನು ಕೈಯಲ್ಲೇ ತಡೆದು, ರತ್ನಮ್ಮನ ಕಣ್ಣಲ್ಲಿ ಕಣ್ಣಿಟ್ಟು, ಎರಡೂ ಹುಬ್ಬು ಮೇಲೇರಿಸಿದರು.